ಮೆಮೊರಿ ಚಿಪ್‌ಗಳನ್ನು ಚೆನ್ನಾಗಿ ತಂಪಾಗಿಡುವ ಗ್ರಾಫಿಕ್ಸ್ ಕಾರ್ಡ್ ಆರಿಸುವುದು ಹೇಗೆ?

ಪ್ರಶ್ನೆ

ನಮಸ್ಕಾರ. ನಾನು ದಿನಕ್ಕೆ ಆರೇಳು ಗಂಟೆ ಅನಿಮೇಷನ್ ರೆಂಡರ್ ಮಾಡುತ್ತೇನೆ. ಈಗ ಬಳಸುತ್ತಿರುವುದು ಜಿಡಿಡಿಆರ್6ಎಕ್ಸ್ ಎಂಬ ಬಗೆಯ ಮೆಮೊರಿಯ ಹಳೆಯ ಕಾರ್ಡ್. ರೆಂಡರ್ ಶುರುವಾಗಿ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ, ಜಿಪಿಯು, ಅಂದರೆ ಕಾರ್ಡಿನ ಮುಖ್ಯ ಚಿಪ್ಪಿನ ತಾಪಮಾನ 66 ಡಿಗ್ರಿಯಲ್ಲೇ ನಿಂತಿದ್ದರೂ, ತಾಪಮಾನ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ‘ಮೆಮೊರಿ ಜಂಕ್ಷನ್’ (ಮೆಮೊರಿ ಚಿಪ್ಪಿನ ಒಳಗಿನ ತಾಪಮಾನ) ಎಂಬ ಸಾಲು 106 ಡಿಗ್ರಿ ತೋರಿಸುತ್ತದೆ. ಕೆಲವು ದಿನ ಅದು 110 ಮುಟ್ಟುತ್ತದೆ. ಆಗ ಪ್ರತಿ ಫ್ರೇಮಿಗೆ ಹಿಡಿಯುವ ಸಮಯವೂ ಹೆಚ್ಚುತ್ತದೆ. ಇಷ್ಟಾದರೂ ಫ್ಯಾನ್‌ಗಳು ನಿಧಾನವಾಗಿಯೇ ತಿರುಗುತ್ತಿರುತ್ತವೆ. ಹೊಸ ಕಾರ್ಡ್ ಕೊಳ್ಳುವಾಗ ಮೆಮೊರಿಯ ತಂಪಿನ ವ್ಯವಸ್ಥೆ ಹೇಗಿದೆ ಎಂಬುದನ್ನು ಮೊದಲೇ ತಿಳಿಯುವುದು ಹೇಗೆ? ಮೂರು ಫ್ಯಾನ್ ಇದ್ದರೆ ಸಾಕೇ?

ಉತ್ತರ 1

ಫ್ಯಾನ್‌ಗಳ ಎಣಿಕೆಯಿಂದ ಇದು ತಿಳಿಯುವುದಿಲ್ಲ. ಬಹುಪಾಲು ಕಾರ್ಡ್‌ಗಳಲ್ಲಿ ಫ್ಯಾನಿನ ವೇಗ ಜಿಪಿಯು ತಾಪಮಾನವನ್ನು ಅನುಸರಿಸುತ್ತದೆಯೇ ಹೊರತು ಮೆಮೊರಿಯದನ್ನಲ್ಲ. ಜಿಪಿಯು 66ರಲ್ಲಿ ಆರಾಮವಾಗಿರುವುದರಿಂದಲೇ ನಿಮ್ಮ ಫ್ಯಾನ್‌ಗಳು ವೇಗ ಹೆಚ್ಚಿಸಿಕೊಳ್ಳುತ್ತಿಲ್ಲ. 110 ಡಿಗ್ರಿಯ ಹತ್ತಿರ ಜಿಡಿಡಿಆರ್6ಎಕ್ಸ್ ಕಾರ್ಡ್‌ಗಳು ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಫ್ರೇಮಿನ ಸಮಯ ಹೆಚ್ಚುವುದಕ್ಕೆ ಕಾರಣ ಅದೇ ಇರಬೇಕು.

ನೋಡಬೇಕಾದದ್ದು ಕಾರ್ಡನ್ನು ಬಿಚ್ಚಿ ತೆಗೆದ ಚಿತ್ರಗಳನ್ನು. ಮೆಮೊರಿ ಚಿಪ್ಪಿನ ಶಾಖ ಥರ್ಮಲ್ ಪ್ಯಾಡ್ (ಶಾಖ ಸಾಗಿಸುವ ಮೆತ್ತನೆಯ ಪಟ್ಟಿ) ದಾಟಿ, ಲೋಹದ ತಟ್ಟೆಗೆ ಬಂದು, ಅಲ್ಲಿಂದ ಶಾಖ ಒಯ್ಯುವ ಕೊಳವೆಯಾದ ಹೀಟ್‌ಪೈಪ್ ಹಾಗೂ ಗಾಳಿಗೆ ಶಾಖ ಬಿಡುವ ತೆಳು ಲೋಹದ ಫಿನ್‌ಗಳನ್ನು ತಲುಪಬೇಕು. ಜಿಪಿಯು ಕೂರುವ ತಾಮ್ರದ ತಳವೇ ಅಗಲವಾಗಿದ್ದು ಸುತ್ತಲಿನ ಮೆಮೊರಿ ಚಿಪ್‌ಗಳನ್ನೂ ಆವರಿಸುವ ರಚನೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು. ಬೇರೆ ತಟ್ಟೆಯಿದ್ದರೂ ಅದು ಹೀಟ್‌ಪೈಪಿಗೆ ಬೆಸುಗೆಯಾಗಿದ್ದರೆ ಚಿಂತೆಯಿಲ್ಲ. ಆದರೆ ತೆಳು ಅಲ್ಯೂಮಿನಿಯಂ ತಟ್ಟೆಯೊಂದನ್ನು ಬೋರ್ಡಿಗೆ ಸ್ಕ್ರೂ ಹಾಕಿ, ಮುಖ್ಯ ಹೀಟ್‌ಸಿಂಕಿಗೆ (ಫಿನ್‌ಗಳಿರುವ ಲೋಹದ ಭಾಗಕ್ಕೆ) ತಾಗಿಸದೆ ಬಿಟ್ಟಿದ್ದರೆ, ಅಲ್ಲಿ ಸೇರಿದ ಶಾಖಕ್ಕೆ ಹೊರದಾರಿಯೇ ಸಾಲದು. ಅಂಥ ಕಾರ್ಡ್ ಬೇಡ.

ಪ್ಯಾಡ್‌ಗಳ ಮೇಲೆ ಬಿದ್ದ ಅಚ್ಚನ್ನೂ ಗಮನಿಸಿ. ಚಿಪ್ಪಿನ ಚೌಕಾಕಾರ ನಾಲ್ಕೂ ಅಂಚುಗಳೊಡನೆ ಸ್ಪಷ್ಟವಾಗಿ ಮೂಡಿದ್ದರೆ ಒತ್ತಡ ಸರಿಯಾಗಿದೆ ಎಂದರ್ಥ. ಅರ್ಧ ಚೌಕ ಮಾತ್ರ ಮೂಡಿದ್ದರೆ ಉಳಿದರ್ಧ ಸರಿಯಾಗಿ ತಾಗಿಲ್ಲ.

ಉತ್ತರ 2

ಚಿಪ್‌ಗಳು ಬೋರ್ಡಿನ ಯಾವ ಬದಿಯಲ್ಲಿವೆ ಎಂಬುದನ್ನು ನಾನು ಇದಕ್ಕಿಂತ ಮೊದಲು ನೋಡುತ್ತೇನೆ. 2020ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 3090 ಕಾರ್ಡಿನಲ್ಲಿ 1 ಜಿಬಿಯ 24 ಚಿಪ್‌ಗಳಿದ್ದು, ಅವುಗಳಲ್ಲಿ 12 ಬೋರ್ಡಿನ ಹಿಂಬದಿಯಲ್ಲಿದ್ದವು. ಹಿಂಬದಿಯ ಚಿಪ್‌ಗಳಿಗೆ ಸಾಮಾನ್ಯವಾಗಿ ಬ್ಯಾಕ್‌ಪ್ಲೇಟ್ (ಕಾರ್ಡಿನ ಬೆನ್ನಿಗೆ ಹೊದಿಸುವ ತಟ್ಟೆ) ಒಂದೇ ಆಸರೆ, ಫ್ಯಾನಿನ ಗಾಳಿ ಅಲ್ಲಿಗೆ ನೇರವಾಗಿ ತಲುಪುವುದಿಲ್ಲ. 2022ರ 3090 ಟಿಐನಲ್ಲಿ 2 ಜಿಬಿಯ 12 ಚಿಪ್‌ಗಳನ್ನು ಬಳಸಿ ಎಲ್ಲವನ್ನೂ ಮುಂಬದಿಗೆ ತಂದರು. ಎರಡರಲ್ಲೂ ಇರುವುದು 24 ಜಿಬಿಯೇ, ಆದರೆ ತಂಪಾಗಿಸುವ ಕೆಲಸ ಎರಡನೆಯದರಲ್ಲಿ ಎಷ್ಟೋ ಸುಲಭ. 4060 ಟಿಐನ 16 ಜಿಬಿ ಆವೃತ್ತಿಯಲ್ಲೂ ಅರ್ಧ ಚಿಪ್‌ಗಳು ಹಿಂಬದಿಯಲ್ಲಿವೆ; ಅದು ಹೆಚ್ಚು ಬಿಸಿಯಾಗದ ಜಿಡಿಡಿಆರ್6 ಆದ್ದರಿಂದ ಅಷ್ಟು ತೊಂದರೆಯಿಲ್ಲ. ಇಂಥ ಕಾರ್ಡ್ ಕೊಳ್ಳುವುದಾದರೆ ಬ್ಯಾಕ್‌ಪ್ಲೇಟ್ ಲೋಹದ್ದೇ, ಅದರೊಳಗೆ ಪ್ಯಾಡ್ ಅಂಟಿಸಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಿ. ಪ್ಲಾಸ್ಟಿಕ್ ಬ್ಯಾಕ್‌ಪ್ಲೇಟ್ ಅಂದಕ್ಕಷ್ಟೇ.

ಇನ್ನೊಂದು ಮಾತು: 3060, 3070ರಂಥ ಜಿಡಿಡಿಆರ್6 ಕಾರ್ಡ್‌ಗಳು ಮೆಮೊರಿ ತಾಪಮಾನವನ್ನು ತೋರಿಸುವುದೇ ಇಲ್ಲ. ವಿಮರ್ಶೆಯಲ್ಲಿ ಆ ಅಂಕಿ ಕಾಣದಿದ್ದರೆ ವಿಮರ್ಶಕರನ್ನು ದೂರುವಂತಿಲ್ಲ.

ಉತ್ತರ 3

ಹೊಸದು ಕೊಳ್ಳುವ ಮೊದಲು ಹಳೆಯದರ ಪ್ಯಾಡ್ ಬದಲಿಸುವ ಯೋಚನೆ ನಿಮಗೆ ಬರಬಹುದು, ಹಾಗಾಗಿ ನನ್ನ ಅನುಭವ ಹೇಳುತ್ತೇನೆ. ಎರಡು ವರ್ಷ ಬಳಸಿದ ಕಾರ್ಡನ್ನು ಬಿಚ್ಚಿದಾಗ ಪ್ಯಾಡ್‌ಗಳು ಒಣಗಿ, ಮುಟ್ಟಿದರೆ ಪುಡಿಯಾಗುವಂತಿದ್ದವು. ಚಿಪ್‌ಗಳ ಸುತ್ತ ಎಣ್ಣೆಯ ಜಿಡ್ಡು ಹರಡಿತ್ತು. ದಪ್ಪ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಭಾವಿಸಿ 1.5 ಮಿಲಿಮೀಟರ್ ಇದ್ದ ಜಾಗದಲ್ಲಿ 2 ಮಿಲಿಮೀಟರಿನ ಗಟ್ಟಿ ಪ್ಯಾಡ್ ಹಾಕಿದೆ. ಮೆಮೊರಿ 88ಕ್ಕೆ ಇಳಿಯಿತು, ಜಿಪಿಯು ಮಾತ್ರ 68ರಿಂದ 84ಕ್ಕೆ ಏರಿತು. ದಪ್ಪ ಪ್ಯಾಡ್‌ಗಳು ಹೀಟ್‌ಸಿಂಕನ್ನು ಎತ್ತಿ ಹಿಡಿದದ್ದರಿಂದ ಜಿಪಿಯು ಅದಕ್ಕೆ ಸರಿಯಾಗಿ ತಾಗುತ್ತಲೇ ಇರಲಿಲ್ಲ. ಮತ್ತೆ ಬಿಚ್ಚಿ, ಅಳತೆಗೆ ಸರಿಯಾದ ಮೆತ್ತನೆಯ ಪ್ಯಾಡ್ ಹಾಕಿದ ಮೇಲೆ ಎರಡೂ ಹತೋಟಿಗೆ ಬಂದವು. ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೇ ಎಂಬುದನ್ನು ಮೊದಲು ಓದಿಕೊಳ್ಳಿ.

ಅದಕ್ಕೂ ಮುಂಚೆ, ಏನನ್ನೂ ಬಿಚ್ಚದೆ, ಫ್ಯಾನನ್ನು ಕೈಯಾರೆ 75 ಶೇಕಡಾಕ್ಕೆ ನಿಲ್ಲಿಸಿ, ಮೆಮೊರಿ ಕ್ಲಾಕನ್ನು, ಅಂದರೆ ಮೆಮೊರಿ ಓಡುವ ವೇಗವನ್ನು, 500 ಮೆಗಾಹರ್ಟ್ಜ್ ಇಳಿಸಿ ಒಂದು ರೆಂಡರ್ ನಡೆಸಿ ನೋಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಫ್ಯಾನ್ ಹೆಚ್ಚಿಸಿದ ಮೇಲೆ 98, ಕ್ಲಾಕನ್ನೂ ಇಳಿಸಿದ ಮೇಲೆ 92 ಡಿಗ್ರಿಗೆ ಬಂದಿದೆ. ಫ್ರೇಮಿನ ಸಮಯ ಈಗ ಒಂದೇ ಸಮನಾಗಿದೆ. ಆದರೆ ಸದ್ದು ಸಹಿಸುವುದು ಕಷ್ಟ. ಎಲ್ಲ ಚಿಪ್‌ಗಳೂ ಮುಂಬದಿಯಲ್ಲಿದ್ದು, ತಾಮ್ರದ ತಳ ಅವುಗಳನ್ನೂ ಆವರಿಸಿರುವ ಎರಡು ಕಾರ್ಡ್‌ಗಳನ್ನು ಗುರುತಿಸಿದ್ದೇನೆ. ಅವುಗಳ ಬಿಚ್ಚಿದ ಚಿತ್ರಗಳಲ್ಲಿ ಪ್ಯಾಡಿನ ಅಚ್ಚು ಹೇಗೆ ಮೂಡಿದೆ ಎಂದು ನೋಡಿ ಒಂದನ್ನು ಆರಿಸುತ್ತೇನೆ.