ಕಣ್ಣು ಕೆಂಪಾಗೂದು ನಿಲ್ಲವಲ್ದು, ರೋಸೇಶಿಯಾ ಅಂದಾರ, ಯಾರಿಗರ ಅನುಭವ ಐತೇನ್ರಿ?

ಕೇಳಿದವರು, ಬಾಗಲಕೋಟಿಯಿಂದ:

ನಮಸ್ಕಾರ್ರಿ ಎಲ್ಲಾರಿಗೂ. ನನಗ 36 ವರ್ಷ, ಬೀಜ-ಗೊಬ್ಬರ ಮಾರ್ಕೆಟಿಂಗ್ ಕೆಲಸ, ದಿನಾ ಬೈಕ್ ಮ್ಯಾಲ ಮುಧೋಳ, ಜಮಖಂಡಿ, ಬೀಳಗಿ ಅಂತ ತಿರಗೂದು. ಎಂಟು ತಿಂಗಳಾತು, ಎರಡೂ ಕಣ್ಣು ಕೆಂಪ, ಉಸುಕು ಬಿದ್ದಂಗ ಚುಚ್ಚತಾವ, ಮುಂಜಾನೆ ರೆಪ್ಪಿ ಅಂಟಿಕೊಂಡಿರ್ತಾವ, ಮೂರು ಸಲ ರೆಪ್ಪಿ ಮ್ಯಾಲ ಗುಳ್ಳಿ ಎದ್ದು ಹೋದ್ವು. ಮೊದಲ ಧೂಳಿನ ಅಲರ್ಜಿ ಅಂದ್ರು, ಆಮ್ಯಾಲ ಕಣ್ಣು ಬಂದಾವ ಅಂದ್ರು, ನಾಲ್ಕು ಡ್ರಾಪ್ಸ್ ಬದಲಿ ಆದ್ವು. ಮೊನ್ನೆ ಹೊಸಾ ಡಾಕ್ಟರ್ ಒಬ್ರು ಕಣ್ಣು ನೋಡಿದ್ಮ್ಯಾಲ ಮಾರಿಗೆ ಸುತ್ತಿದ ದಸ್ತಿ ತಗೀರಿ ಅಂದ್ರು, ಗಲ್ಲ ಮೂಗು ನೋಡಿ ಇದು ಆಕ್ಯುಲರ್ ರೋಸೇಶಿಯಾ ಅಂತ ಬರದು ಕೊಟ್ಟಾರ, ಅಂದ್ರ ಗಲ್ಲ ಮೂಗು ಕೆಂಪಾಗಿ ಉರಿಯೂ ಚರ್ಮದ ಬ್ಯಾನಿ ಕಣ್ಣಿಗೂ ಬರೂದಂತ. ಡಾಕ್ಸಿಸೈಕ್ಲಿನ್ ಗುಳಿಗಿ ದಿನಾ ಒಂದು, ಆರು ವಾರ, ಮತ್ತ ದಿನಾ ಎರಡು ಸಲ ಕಣ್ಣಿಗೆ ಬಿಸಿ ಶಾಖ. ಮನ್ಯಾಗ ಯಾರೂ ಈ ಹೆಸರ ಕೇಳಿಲ್ರಿ. ಕಣ್ಣಿನ ಬ್ಯಾನಿಗೆ ಹೊಟ್ಟಿಗೆ ಗುಳಿಗಿ ಯಾಕ, ಅದೂ ಆರು ವಾರ? ಪೂರ್ತಿ ಆರಾಮ ಆಕ್ಕೈತೇನು? ಆಫೀಸ್ನಾಗ ದಿನಾ ಮುಂಜಾನೆ "ರಾತ್ರಿ ಎಷ್ಟು ಏರಿಸಿದಿ" ಅಂತ ಕೇಳ್ತಾರ, ನಾ ಕುಡಿಯಾವನ ಅಲ್ಲ.

ವಿಜಯಪುರದ ಟೀಚರ್ ಒಬ್ರು:

ತಮ್ಮಾ, ಓದಿದ ಕೂಡ್ಲೆ ಇದು ನನ್ನ ಕಥಿನೇ ಅನಿಸ್ತು ನೋಡ್ರಿ. ನನಗ ಈಗ 47. ನಿಮಗ ಎಂಟು ತಿಂಗಳಿಗೆ ಹೆಸರ ಸಿಕ್ಕದ, ನನಗ ಎರಡೂವರಿ ವರ್ಷ ಹಿಡೀತು. ನನ್ನ ವಿಷಯದಾಗ ಎಲ್ಲಾರೂ ಖಡು ಧೂಳಿಗೆ ಬೈದ್ರು, ಬೋರ್ಡ್ ಮ್ಯಾಲ ಬರೀಬ್ಯಾಡ್ರಿ ಅಂದ್ರು, ಬ್ಯಾಸಗಿ ಸೂಟಿಯೊಳಗ ಖಡು ಮುಟ್ಟಲಿಲ್ಲ, ಆದ್ರೂ ಕಣ್ಣು ಇನ್ನಾ ಜಾಸ್ತಿ ಕೆಂಪಾದ್ವು, ಆಗರ ತಿಳಕೋಬೇಕಿತ್ತು ಇದು ಖಡುವಿನ ಕೆಲಸ ಅಲ್ಲ ಅಂತ.

ತಪ್ಪಿದ್ದು ಎಲ್ಲಿ ಅಂದ್ರ, ಗಲ್ಲ ಉರೀತಾವ ಅಂತ ಚರ್ಮದ ಡಾಕ್ಟರ ಕಡೆ ಹೋಗಿದ್ದೆ, ಕಣ್ಣು ಉರೀತಾವ ಅಂತ ಕಣ್ಣಿನ ಡಾಕ್ಟರ ಕಡೆ ಹೋಗಿದ್ದೆ. ಒಬ್ರು ಗಲ್ಲ ನೋಡಿದ್ರು, ಒಬ್ರು ಕಣ್ಣು ನೋಡಿದ್ರು, ಎರಡೂ ಒಂದೇ ಬ್ಯಾನಿ ಇರಬಹುದು ಅಂತ ಯಾರಿಗೂ ಹೊಳೀಲಿಲ್ಲ, ನಾನೂ ಒಬ್ರ ಮುಂದ ಇನ್ನೊಂದರ ಸುದ್ದಿ ತಗೀಲಿಲ್ಲ. ಮತ್ತ ನಮ್ಮ ಬಣ್ಣ ನೋಡ್ರಿ, ಗೋಧಿ ಬಣ್ಣದ ಮಾರಿ ಮ್ಯಾಲ ಕೆಂಪು ಕಾಣೂದಿಲ್ಲ, ಸ್ವಲ್ಪ ಕಪ್ಪಾದಂಗ ಕಾಣತದ ಅಷ್ಟ. ನೆಟ್ನಾಗಿನ ಫೋಟೋ ಎಲ್ಲಾ ಬಿಳೇ ಮಂದೀವು, ಗಲ್ಲ ಟೊಮೆಟೊ ಆಗಿರ್ತಾವ, ಅದನ್ನ ನೋಡಿ ನನಗ ಇದಲ್ಲ ಬಿಡು ಅಂತ ನಾನೇ ಬಿಟ್ಟಿದ್ದೆ. ಕೆಲವರಿಗಂತೂ ಮೊದಲ ಕಣ್ಣಾಗ ಶುರು ಆಗಿ ಮಾರಿ ಮ್ಯಾಲ ಆಮ್ಯಾಲ ಬರ್ತದಂತ, ಅಂಥವರ ಪಾಡು ಏನಿರಬೇಕು.

ಕಡೀಕ ಹಿಡಿದವರು ಹುಬ್ಬಳ್ಳಿಯೊಳಗ ಒಬ್ರು ಮೇಡಂ. ಗದ್ದ ಆ ಮಷಿನ್ ಮ್ಯಾಲ ಇಡಿಸಿ ಕೇಳಿದ್ದು ಒಂದೇ ಪ್ರಶ್ನಿ, "ಬಿಸಿ ಚಹಾ ಕುಡದ್ರ ಮಾರಿ ಝಗ್ಗಂತ ಉರೀತದೇನ್ರಿ?" ಹೌದ್ರಿ ಅಂದೆ. ಆಮ್ಯಾಲ ಹಳದಿ ಕಾಗದದ ಪಟ್ಟಿ ಕಣ್ಣಿಗೆ ಸ್ವಲ್ಪ ಮುಟ್ಟಿಸಿ ನೀಲಿ ಲೈಟ್ ಬಿಟ್ರು, ರೆಪ್ಪಿ ಬಡೀಬ್ಯಾಡ್ರಿ ಅಂದು ಬಾಯಾಗ ಎಣಿಸಿದ್ರು, ಒಂದು, ಎರಡು, ಮೂರು, ನಾಲ್ಕು, "ಒಡೀತು ನೋಡ್ರಿ". ಕಣ್ಣೀರಿನ ಪದರ 10 ಸೆಕೆಂಡ್‌ಕಿಂತ ಹೆಚ್ಚು ತಡೀಬೇಕಂತ, ನಂದು ನಾಲ್ಕಕ್ಕ ಒಡೀತು. ಅಂದ್ರ ಕಣ್ಣಾಗ ನೀರು ಅದ, ಅದರ ಮ್ಯಾಲ ಎಣ್ಣಿ ಇಲ್ಲ, ನೀರು ಆರಿ ಹೋಗ್ತದ. ರೆಪ್ಪಿ ಅಂಚಿನೊಳಗ ಸಣ್ಣ ಸಣ್ಣ ಎಣ್ಣಿ ಗ್ರಂಥಿ ಇರ್ತಾವ, ಮ್ಯಾಲ ಒಂದು 30, ಕೆಳಗ ಒಂದು 25. ಮೇಡಂ ರೆಪ್ಪಿ ಸ್ವಲ್ಪ ಒತ್ತಿ ತೋರಿಸಿದ್ರು, ಶೇಂಗಾ ಎಣ್ಣಿ ಹಂಗ ತಿಳಿ ಬರಬೇಕಾಗಿದ್ದು ಟೂತ್‌ಪೇಸ್ಟ್ ಹಂಗ ಬಂತು. ನಿಮಗ ಗುಳ್ಳಿ ಏಳೂದು ಇದಕ್ಕ, ಬಾಯಿ ಮುಚ್ಚಿದ ಗ್ರಂಥಿ ಉಬ್ಬತದ. ಇದಕ್ಕ ಬ್ಲಡ್ ಟೆಸ್ಟ್ ಏನಿಲ್ಲ, ಕಣ್ಣು ಮಾರಿ ಎರಡೂ ನೋಡಿ, ಕೇಳಿ, ಹೇಳೂದೇ.

ಗುಳಿಗಿ ಯಾಕ ಅಂದ್ರಿ. ನಾನೂ ಕೇಳಿದ್ದೆ. ಅದು ಆಂಟಿಬಯಾಟಿಕ್ ಹೌದು, ಆದ್ರ ಇಲ್ಲಿ ಬರೇ ಕ್ರಿಮಿ ಕೊಲ್ಲಾಕ ಅಲ್ಲ, ಉರಿ-ಬಾವು ಇಳಸಾಕ ಮತ್ತ ಆ ಎಣ್ಣಿ ತಿಳಿ ಆಗಾಕ. ಹಂಗಾಗಿ ಐದು ದಿನದ ಕೋರ್ಸ್ ಸಾಲೂದಿಲ್ಲ. ನನಗ 100 ಎಂ.ಜಿ. ಆರು ವಾರ ಕೊಟ್ಟು ಆಮ್ಯಾಲ ಕಡಿಮಿ ಡೋಸ್‌ಗೆ ಇಳಿಸಿದ್ರು. ಫರಕು ಗೊತ್ತಾಗಿದ್ದು ಮೂರನೇ ವಾರ.

ಒಂದು ಮಾತ್ರ ಹೇಳ್ತೀನಿ, ನಾ ಮಾಡಿದ ಶ್ಯಾಣ್ಯಾತನ ನೀವು ಮಾಡಬ್ಯಾಡ್ರಿ. ರಾತ್ರಿ ಮಲಗೂ ಮುಂದ ಒಂದು ಗುಟುಕು ನೀರಾಗ ನುಂಗಿ ಅಡ್ಡಾದೆ. ಎರಡ್ಮೂರು ತಾಸಿಗೆ ಎದಿಯೊಳಗ ಕೆಂಡ ಇಟ್ಟಂಗ ಆತು, ಉಗುಳು ನುಂಗಾಕ ಆಗವಲ್ದು, ನಮ್ಮ ಯಜಮಾನ್ರು ಹಾರ್ಟ್ ಅಂತ ತಿಳದು ನಡುರಾತ್ರಿ ಗಾಡಿ ತಗದು ಇಸಿಜಿ ಮಾಡಿಸ್ಕೊಂಡು ಬಂದ್ವಿ. ಹಾರ್ಟ್ ಅಲ್ಲ, ಗುಳಿಗಿ ಅನ್ನನಾಳದಾಗ ಅಂಟಿ ಅಲ್ಲೇ ಸುಟ್ಟಿತ್ತು. ನಾಲ್ಕು ದಿನ ಅಂಬಲಿ ಮಜ್ಜಿಗಿ ಮ್ಯಾಲೆ ಇದ್ದೆ. ಊಟ ಆದಮ್ಯಾಲ, ದೊಡ್ಡ ಗ್ಲಾಸ್ ತುಂಬ ನೀರಾಗ, ಅರ್ಧ ತಾಸರ ಕುಂದ್ರಬೇಕು ಇಲ್ಲ ಅಡ್ಡಾಡಬೇಕು. ಹಾಲು ಮತ್ತ ಕಬ್ಬಿಣದ ಗುಳಿಗಿ, ಕ್ಯಾಲ್ಸಿಯಂ ಗುಳಿಗಿ ಅದರ ಜೋಡಿ ಬ್ಯಾಡ, ಎರಡು ತಾಸು ಹಿಂದ ಮುಂದ ಮಾಡ್ರಿ. ಮತ್ತ ಬಿಸಲು! ಈ ಗುಳಿಗಿ ತಗೊಂಡಾಗ ಚರ್ಮ ಲಗೂ ಸುಡತದ, ನಿಮ್ಮದು ಬೈಕಿನ ಕೆಲಸ, ತೋಳು ಮುಚ್ಚಿಕೊಂಡು ಹೋಗ್ರಿ.

ಬೆಳಗಾವಿಯಿಂದ ಒಬ್ರು:

ಅಕ್ಕಾರ ಎಲ್ಲಾ ಹೇಳ್ಯಾರ. ನಾ ಒಂದ ಕೇಳ್ತೀನಿ, ಆ ನಾಲ್ಕು ಡ್ರಾಪ್ಸ್‌ನಾಗ ಸ್ಟೆರಾಯ್ಡ್ ಇತ್ತೇನು ನೋಡ್ರಿ. ಡಬ್ಬಿ ಮ್ಯಾಲ ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್, ಲೋಟೆಪ್ರೆಡ್ನಾಲ್ ಅಂತ ಇದ್ರ ಅದ. ನನಗ ಒಂದ್ಸಲ ಡಾಕ್ಟರ್ ಒಂದು ವಾರಕ್ಕ ಬರದು ಕೊಟ್ಟಿದ್ರು, ಹಾಕಿದ ಎರಡ ದಿನಕ್ಕ ಕಣ್ಣು ಹಾಲಿನಂಗ ಬೆಳ್ಳಗ, ಇಷ್ಟ ಖುಷಿ ಆತು ಅಂದ್ರ ಅದ ಚೀಟಿ ತೋರಿಸಿ ತೋರಿಸಿ ಮೆಡಿಕಲ್‌ನಾಗ ಒಂಬತ್ತು ತಿಂಗಳು ತಗೊಂಡೆ, ಬಿಟ್ರ ಕೆಂಪ, ಹಾಕಿದ್ರ ಬಿಳಿ. ಆಮ್ಯಾಲ ಚಾಳೀಸ ನಂಬರ್ ಮಾಡಸಾಕ ಹೋದಾಗ ಕಣ್ಣಿನ ಪ್ರೆಶರ್ ನೋಡಿದ್ರ 28. ನಾರ್ಮಲ್ ಅಂದ್ರ 21ರ ಒಳಗ ಇರಬೇಕು. ಪುಣ್ಯಾಕ್ಕ ಬಿಟ್ಟಮ್ಯಾಲ ಇಳೀತು, ನರಕ್ಕ ಧಕ್ಕಿ ಆಗಿರಲಿಲ್ಲ. ಡಾಕ್ಟರ ಕೈಯಾಗ ಸ್ವಲ್ಪ ದಿನ ಹಾಕಿದ್ರ ಅದು ಔಷಧಾನ, ತಪ್ಪು ನಂದ. ಈಗ ಸ್ಟೆರಾಯ್ಡ್ ಅಲ್ಲದ ಸೈಕ್ಲೋಸ್ಪೋರಿನ್ ಡ್ರಾಪ್ಸ್ ಐತಿ, ಮೊದಲ ಮೊದಲ ಮೆಣಸಿನಪುಡಿ ಬಿದ್ದಂಗ ಉರೀತಿತ್ತು, ಗುಣ ಕಾಣಾಕ ಎರಡ್ಮೂರು ತಿಂಗಳು ಬೇಕಾತು, ನಡುವ ಬಿಟ್ಟಬಿಡ್ತಿದ್ದೆ, ಹೆಂಡ್ತಿ ಬಿಡಲಿಲ್ಲ.

ಬೆಳಗಾವಿಯಿಂದ, ಇನ್ನೊಬ್ರು:

ಕಣ್ಣಿಗಷ್ಟ ಅಲ್ಲ, ಮಾರಿಗೆ ಹಚ್ಚೂ ಕ್ರೀಮ್ ಸುದ್ದಿನೂ ಡಾಕ್ಟರಿಗೆ ಹೇಳ್ರಿ. ಮಾರಿ ಬೆಳ್ಳಗ ಆಗ್ತೈತಿ ಅಂತ ಗೆಳತಿ ಕೊಟ್ಟ ಟ್ಯೂಬ್ ಎರಡು ವರ್ಷ ಹಚ್ಚೀನಿ, ಅದ್ರಾಗ ಬೆಟಾಮೆಥಾಸೋನ್ ಇತ್ತಂತ, ಓದಿದವರ್ಯಾರು. ಬಿಟ್ಟ ವಾರಕ್ಕ ಮಾರಿ ಸುಟ್ಟಂಗ, ಗುಳ್ಳಿ, ಅದರ ಬೆನ್ನಿಗೇ ಕಣ್ಣೂ ಕೆಂಪ. ಸ್ಟೆರಾಯ್ಡ್‌ನಿಂದ ಬಂದ ರೋಸೇಶಿಯಾ ಅಂದ್ರು. ಕೂಸಿಗೆ ಹಾಲು ಕುಡಸ್ತಿದ್ದೆ ಅಂತ ಡಾಕ್ಸಿ ಬ್ಯಾಡ ಅಂದು ಅಜಿಥ್ರೋಮೈಸಿನ್ ಕೊಟ್ರು. ಬಸುರಿದ್ದವರಿಗೂ ಸಣ್ಣ ಹುಡುಗ್ರಿಗೂ ಡಾಕ್ಸಿ ಕೊಡೂದಿಲ್ಲಂತ, ಮನ್ಯಾಗ ಯಾರರ ಹಿಂಗ ಕಣ್ಣು ಕೆಂಪು ಅಂದ್ರ ನಿಮ್ಮ ಗುಳಿಗಿ ಎತ್ತಿ ಕೊಟ್ಟುಬಿಟ್ಟೀರಿ ಮತ್ತ.

ಕೇಳಿದವರು:

ಅಬ್ಬಾ, ಒಂದ ದಿನಕ್ಕ ಎಷ್ಟ ತಿಳೀತ್ರಿ. ಡಬ್ಬಿ ನೋಡಿದೆ, ಎರಡನೇ ಡ್ರಾಪ್ಸ್‌ನಾಗ ಡೆಕ್ಸಾ ಐತಿ, ಸುಮಾರು ಎರಡು ತಿಂಗಳು ಹಾಕೀನಿ, ಪ್ರೆಶರ್ ಚೆಕ್ ಮಾಡಿಸ್ತೀನಿ. ಶಾಖ ಕೊಡೂದು ಹೆಂಗ್ರಿ? ಬಿಸಿನೀರಾಗ ಅರಿವಿ ಅದ್ದಿ ಇಟ್ರ ಒಂದ ನಿಮಿಷಕ್ಕ ತಣ್ಣಗ ಆಗ್ತೈತಿ. ಮತ್ತ ಖಾರ ಬಿಡಬೇಕೇನು? ನಮ್ಮವ್ವ ಕೇಳಿ ಗಾಬರಿ ಆಗ್ಯಾಳ, ರಂಜಕ ಇಲ್ಲದ ಇವ ರೊಟ್ಟಿ ಹೆಂಗ ತಿಂತಾನ ಅಂತ.

ವಿಜಯಪುರದ ಟೀಚರ್:

ಅರಿವಿ ಕೆಲಸದ್ದಲ್ಲ, ನೀವು ಹೇಳಿದ್ದು ಖರೇ ಅದ. ಬಿಸಿ ಅಂದ್ರ 40 ಡಿಗ್ರಿ ಮ್ಯಾಲ ಸ್ವಲ್ಪ, ಅದು ಐದರಿಂದ ಹತ್ತು ನಿಮಿಷ ನಿಲ್ಲಬೇಕು. ಚಳಿಗಾಲದಾಗ ಕೊಬ್ರಿ ಎಣ್ಣಿ ಬಾಟ್ಲಿ ಬಿಸಿಲಿಗೆ ಇಡ್ತೀವಲ್ಲ, ಹಂಗ, ಬಾಟ್ಲಿ ಒಂದು ಕ್ಷಣ ಬೆಚ್ಚಗಾದ್ರ ಎಣ್ಣಿ ಕರಗೂದಿಲ್ಲ. ನಾ ಏನು ಮಾಡ್ತೀನಿ ಅಂದ್ರ ಹಳೇ ಧೋತ್ರದ ಅರಿವಿಯೊಳಗ ಒಂದು ಬೊಗಸಿ ಜೋಳ ಹಾಕಿ ಚೀಲ ಹೊಲದೀನಿ, ತವಾ ಮ್ಯಾಲ ಸಣ್ಣ ಉರಿಯೊಳಗ ತಿರುವಿ ತಿರುವಿ ಬಿಸಿ ಮಾಡೂದು, ಮಣಿಕಟ್ಟಿನ ಒಳಗ ಇಟ್ಟು ನೋಡೂದು, ತಡೀತದ ಅಂದ್ರ ಕಣ್ಣು ಮುಚ್ಚಿ ಮ್ಯಾಲ ಒಂದು ಹಸಿ ಅರಿವಿ ಹಾಕಿ ಇಡೂದು. ಮೊದಲ ಸಲ ಜೋಳ ಅಷ್ಟ ಹುರಿಯೂಣು ಅಂತ ತವಾಕ್ಕ ಹಾಕಿ ಫೋನ್ ಬಂತು ಅಂತ ಹೋದೆ, ಬರೂದ್ರಾಗ ನಾಲ್ಕು ಕಾಳು ಪಟ್ ಪಟ್ ಅಂದು ಪಂಚಮಿ ಅಳ್ಳು ಆಗಿದ್ವು. ನಮ್ಮತ್ತಿಯವರು ಗುಳೇದಗುಡ್ಡದ ಖಣದಾಗ ಚಂದ ಚೀಲ ಹೊಲದು ಕೊಟ್ಟಿದ್ರು, ಅದನ್ನ ತವಾಕ್ಕ ಹಾಕಾಕ ಮನಸ್ಸು ಬರಲಿಲ್ಲ, ಅದ್ರಾಗ ಈಗ ಡ್ರಾಪ್ಸ್ ಇಡ್ತೀನಿ.

ಶಾಖ ಆದ ಕೂಡ್ಲೆ ಬಟ್ಟು ತೊಳದು ಮ್ಯಾಲಿನ ರೆಪ್ಪಿ ಮ್ಯಾಲಿಂದ ಕೆಳಗ, ಕೆಳಗಿನ ರೆಪ್ಪಿ ಕೆಳಗಿಂದ ಮ್ಯಾಲ, ಕೂದಲ ಅಂಚಿನ ಕಡೆ ಮೆತ್ತಗ ನೀವಬೇಕು. ಗುಡ್ಡಿ ಒತ್ತಬಾರದು. ಆಮ್ಯಾಲ ರೆಪ್ಪಿ ಬುಡ ಒರಸೂದು. ಶಾಖ ಕೊಟ್ಟು ಇದನ್ನ ಬಿಟ್ರ ಕರಗಿದ ಎಣ್ಣಿ ಅಲ್ಲೇ ಮತ್ತ ಹೆಪ್ಪಗಟ್ಟತದ. ಮುಂಜಾನೆ ಸಾಲಿಗೆ ಹೋಗೂ ಗದ್ಲದಾಗ ಎಷ್ಟೋ ಸಲ ತಪ್ಪತದ, ತಪ್ಪಿದ ವಾರ ಕಣ್ಣೇ ಹೇಳ್ತಾವ.

ಖಾರ ಬಿಡ್ರಿ ಅಂತ ನಾ ಹೇಳೂದಿಲ್ಲ, ನಮ್ಮ ಕಡೆ ಖಾರ ಬಿಡು ಅಂದ್ರ ಉಣ್ಣೂದು ಬಿಡು ಅಂದಂಗ. ಒಂದೊಬ್ಬರಿಗೆ ಒಂದೊಂದು ಹೊಂದೂದಿಲ್ಲ, ಬಿಸಲು, ಬಿಸಿ ಗಾಳಿ, ಕುದಿಯೂ ಚಹಾ, ಖಾರ, ಶೆರೆ, ಯಾವುದೂ ಆಗಬಹುದು. (ಶೆರೆ ಕುಡದ್ರ ಇದ್ದದ್ದು ಕೆಣಕತದ, ಕುಡೀದವರಿಗೂ ಬರ್ತದ, ನಿಮ್ಮ ಆಫೀಸಿನವರಿಗೆ ಇದನ್ನ ಓದಸ್ರಿ.) ನಾ ಎರಡು ತಿಂಗಳು ಕ್ಯಾಲೆಂಡರ್ ಮ್ಯಾಲ ಗುರುತು ಹಾಕಿದೆ. ರಂಜಕದಿಂದ ಏನೂ ಆಗಲಿಲ್ಲ, ಆಗಿದ್ದು ರೊಟ್ಟಿ ಬಡಿಯೂವಾಗ ಒಲಿ ಝಳ! ಭಾನುವಾರ ಕಡಕ್ ರೊಟ್ಟಿ ಒಂದು ಥಪ್ಪಿ ಮಾಡಿದ್ರ ಸೋಮವಾರ ಕಣ್ಣು ಕೆಂಡ. ಈಗ ನಾ ಬಡೀತೀನಿ, ತವಾದ ಮುಂದ ಮಗ ನಿಂದ್ರತಾನ. ಚಹಾ ಆರಿಸಿ ಕುಡೀತೀನಿ.

ಜಮಖಂಡಿ, ಮೆಡಿಕಲ್ ಅಂಗಡಿಯವರು:

ರೆಪ್ಪಿ ತೊಳಿಯಾಕ ಬೇಬಿ ಶಾಂಪೂ ನೀರಾಗ ಕಲಸಿ ಹಚ್ಚೂದು ಹಳೇ ರೂಢಿ, ಕೆಲವರಿಗೆ ಅದ ಉರೀತೈತಿ, ಈಗ ರೆಪ್ಪಿಗೆ ಅಂತನ ವೈಪ್ಸ್ ಬರ್ತಾವ, ರೊಕ್ಕ ಜಾಸ್ತಿ. ಕಣ್ಣೀರಿನ ಡ್ರಾಪ್ಸ್ ದಿನಾ ನಾಲ್ಕಕ್ಕಿಂತ ಹೆಚ್ಚು ಸಲ ಹಾಕೋರು ಪ್ರಿಸರ್ವೇಟಿವ್ ಇಲ್ಲದ್ದು ಕೇಳಿ ತಗೋರಿ. ಚೀಟಿ ಇಲ್ಲದ ಸ್ಟೆರಾಯ್ಡ್ ಕೇಳಬ್ಯಾಡ್ರಿ, ಇಲ್ಲಾ ಅಂದ್ರ ನಮಗ ಬೈದು ಮುಂದಿನ ಅಂಗಡಿಗೆ ಹೋಗ್ತಾರ.

ಬೆಳಗಾವಿಯ ಮೊದಲಿನವರು:

ಶಾಂಪೂ ನನಗೂ ಹೊಂದಲಿಲ್ಲ. ನನ್ನ ರೆಪ್ಪಿಕೂದಲ ಬುಡಕ್ಕ ಹೊಟ್ಟಿನ ಕೊಳವಿ ಹಂಗ ಅಂಟಿತ್ತು, ಡಾಕ್ಟರ್ ಒಂದು ಕೂದಲ ಕಿತ್ತು ಮೈಕ್ರೋಸ್ಕೋಪ್‌ನಾಗ ತೋರಿಸಿದ್ರು, ಡೆಮೊಡೆಕ್ಸ್ ಅಂತ ಎಂಟು ಕಾಲಿನ ಸಣ್ಣ ಹುಳ, ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಆ ದಿನ ಊಟ ಸೇರಲಿಲ್ಲ. ದೊಡ್ಡವರಲ್ಲಿ ಬಹಳ ಮಂದಿ ಮೈಮ್ಯಾಲ ಇರ್ತಾವಂತ, ಹೊಲಸು ಇದ್ದವರಿಗೆ ಅಂತ ಏನಿಲ್ಲ, ರೋಸೇಶಿಯಾ ಇದ್ದವರಲ್ಲಿ ಹೆಚ್ಚು. ಅದಕ್ಕ ಟೀ ಟ್ರೀ ಇರೋ ವೈಪ್ಸ್ ಕೊಟ್ರು. ಯಾರೋ ಹೇಳಿದ್ರು ಅಂತ ಬಾಟ್ಲಿ ಟೀ ಟ್ರೀ ಎಣ್ಣಿ ಕಣ್ಣಿಗೆ ಹಚ್ಚೀರಿ, ಗುಡ್ಡಿ ಸುಡತೈತಿ. ಜೇನು, ಹರಳೆಣ್ಣಿ, ನಂದಿಬಟ್ಟಲ ಹೂವಿನ ನೀರು ಇವೂ ಬ್ಯಾಡ.

ಪೂರ್ತಿ ಆರಾಮ ಆಕ್ಕೈತೇನು ಅಂತ ಕೇಳಿದ್ರಿ, ಅದಕ್ಕ ಯಾರೂ ಹೇಳಲಿಲ್ಲ. ಇಲ್ರಿ, ಬಿಪಿ ಇದ್ದಂಗ, ಹದ್ದಬಸ್ತಿನ್ಯಾಗ ಇರ್ತೈತಿ. ನನಗ ಮೂರು ವರ್ಷದಾಗ ಎರಡು ಸಲ ತಿರುಗಿ ಎದ್ದೈತಿ. ಕೆಂಪು ಅಂತ ಹೆದರಬ್ಯಾಡ್ರಿ, ಆದ್ರ ನೋವು ಬಂದ್ರ, ಬೆಳಕು ನೋಡಾಕ ಆಗಲಿಲ್ಲ ಅಂದ್ರ, ಕಣ್ಣು ಮಂಜಾದ್ರ ಇಲ್ಲಾ ಕರಿಗುಡ್ಡಿ ಮ್ಯಾಲ ಬಿಳಿ ಚುಕ್ಕಿ ಕಂಡ್ರ ಅವತ್ತ ಹೋಗ್ರಿ, ಕಾರ್ನಿಯಾಕ್ಕ (ಕರಿಗುಡ್ಡಿ ಮ್ಯಾಲಿನ ಕಾಚಿನಂಥ ಪದರ) ಹತ್ತಿದ್ರ ಕಲೆ ಉಳದು ದೃಷ್ಟಿನ ಹೋಗಬಹುದು. ಮತ್ತ ಬೈಕಿಗೆ ಬದಿ ಮುಚ್ಚಿದ ಕನ್ನಡಕ ತಗೋರಿ, ಬರೇ ಹೆಲ್ಮೆಟ್ ಕಾಚಿಗೆ ಗಾಳಿ ನಿಲ್ಲಂಗಿಲ್ಲ.

ಕೇಳಿದವರು:

ಇವತ್ತಿಗೆ 23ನೇ ದಿನ, ಹೇಳಿ ಹೋಗೂಣು ಅಂತ ಬಂದೆ. ಪ್ರೆಶರ್ ಎರಡೂ ಕಣ್ಣು 16, 17. ಜೋಳದ ಚೀಲ ಅವ್ವನ ಹೊಲದಾಳ, ದಿನಾ ರಾತ್ರಿ ತವಾದ ಮುಂದ ಆಕಿನ ಕುಂದ್ರತಾಳ, ನನ್ನ ಕೈಯಾಗ ಕೊಡಂಗಿಲ್ಲ, ನೀ ಅಳ್ಳು ಮಾಡ್ತಿ ಅಂತ. ಕನ್ನಡಕ ಹಾಕ್ಕೊಂಡ್ರ ವೆಲ್ಡಿಂಗ್ ಮಾಡಾವ ಕಂಡಂಗ ಕಾಣ್ತೀನಂತ. ಮಧ್ಯಾಹ್ನದ ಬಿಸಲಾಗ ಇನ್ನೂ ಕೆಂಪ ಆಗ್ತಾವ, ಖರೇ. ಆದ್ರ ಇವತ್ತ ಮುಂಜಾನೆ ನೀರು ಹಚ್ಚದನ ರೆಪ್ಪಿ ತಾವ ತೆರದ್ವು. ಗುಳಿಗಿ ಇನ್ನ 19 ಅದಾವ.