ಪುಟ್ಟಿ ಆಪರೇಷನ್ನಿಗೆ ಅರ್ಧ ಡೋಸ್ ಸಾಕಂತೆ!

ಶಂಕರ ಮಾವ: (ಫಾರ್ವರ್ಡ್) ಹುಟ್ಟಿನಿಂದಲೇ ಹಾರ್ಟ್ ತೊಂದರೆ ಇರುವ ಮಕ್ಕಳಿಗೆ ಫುಲ್ ಅನಸ್ತೇಶಿಯಾ ವಿಷ!! ಅರ್ಧ ಡೋಸ್ ಎಂದು ಬರೆಸಿಕೊಂಡೇ ಸಹಿ ಹಾಕಿ 🙏

ಶಂಕರ ಮಾವ: ಸುಮಾ, ಓದಮ್ಮ. ನಾಡಿದ್ದೇ ಅಲ್ವಾ ಆಪರೇಷನ್ನು?

ವೀಣಾ: ಮಾವ, ಸುಮ್ನೆ ಅವಳನ್ನು ಹೆದರಿಸಬೇಡಿ. ಆಪರೇಷನ್ನಿಗೆ ಅನಸ್ತೇಶಿಯಾ ಕೊಡುವುದೇ ನನ್ನ ದಿನದ ಕೆಲಸ. ಪುಟ್ಟಿಗೆ ಇರುವುದು ಫ್ಯಾಲೋ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ತೂತು, ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟು. ಜೋರಾಗಿ ಅತ್ತರೆ ಆ ದಾರಿ ಇನ್ನೂ ಬಿಗಿಯುತ್ತದೆ, ಕೆಟ್ಟ ರಕ್ತ ತೂತಿನಿಂದ ನುಗ್ಗಿ ಮೈಗೆಲ್ಲ ಹೋಗುತ್ತದೆ, ತುಟಿ ನೀಲಿ ಆಗುವುದು ಅದಕ್ಕೇ. ಅರೆಮಂಪರಿನಲ್ಲಿ ಪಕ್ಕೆ ಕೊಯ್ದರೂ ಇದೇ ಆಗುತ್ತದೆ. ಅರ್ಧ ಡೋಸೇ ಅಪಾಯ.

ಶಂಕರ ಮಾವ: ಜಾಸ್ತಿ ಆದರೆ ಬಿಪಿ ಬೀಳಲ್ವಾ? ನಾವೂ ನಾಲ್ಕಕ್ಷರ ಓದಿದ್ದೇವೆ.

ವೀಣಾ: ಬೀಳುತ್ತದೆ, ಅದು ನಿಜ. ಪ್ರಜ್ಞೆ ತಪ್ಪಿಸುವ ಪ್ರೊಪೊಫಾಲ್ ಔಷಧ ಸರ್ರನೆ ಕೊಟ್ಟರೆ ಮೈಯ ರಕ್ತನಾಳ ಸಡಿಲವಾಗಿ, ಕೆಟ್ಟ ರಕ್ತ ತೂತಿನಿಂದ ಹೆಚ್ಚು ನುಗ್ಗಿ ಮಗು ಇನ್ನಷ್ಟು ನೀಲಿ ಆಗುತ್ತದೆ. ಅದಕ್ಕೇ ಇಂಥವರಿಗೆ ಎಷ್ಟೋ ಸಲ ಅದರ ಬದಲು ಕೆಟಮಿನ್ ಕೊಡುತ್ತೇವೆ, ಬಿಪಿ ಏರಿಸಲು ಫಿನೈಲೆಫ್ರಿನ್ ಸಿರಿಂಜಿನಲ್ಲಿ ತುಂಬಿಯೇ ಇರುತ್ತದೆ. ಡ್ರಿಪ್ ಪೈಪನ್ನು ಬೆರಳಲ್ಲಿ ತಟ್ಟಿ ತಟ್ಟಿ ಒಂದೊಂದು ಗುಳ್ಳೆಯನ್ನೂ ತೆಗೆಯುತ್ತೇವೆ. ನಿಮಗೆ ಏನೂ ಮಾಡದ ಗುಳ್ಳೆ ಅವಳಿಗೆ ಆ ತೂತು ದಾಟಿ ಮೆದುಳಿಗೆ ಹೋಗಬಹುದು. ಇದರಲ್ಲಿ ನಿಮ್ಮ ಫಾರ್ವರ್ಡಿನಲ್ಲಿ ಏನಾದರೂ ಇದೆಯಾ?

ಕಿರಣ: ಶ್ವಾಸಕೋಶಕ್ಕೆ ರಕ್ತ ಹೋಗಲು ಬದಲಿ ದಾರಿ ಮಾಡುವ ಈ ಶಂಟ್ ಆಪರೇಷನ್ ಹೊಸದಾ ಅಕ್ಕ?

ವೀಣಾ: 1944ರಲ್ಲೇ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮಾಡಿದರು. ಮಗು ತೀರಾ ಸೊರಗಿದೆ ಎಂದು ಅಲ್ಲಿನ ಅನಸ್ತೇಶಿಯಾ ಮುಖ್ಯಸ್ಥರೇ ಒಪ್ಪಲಿಲ್ಲ, ಕಿರಿಯರಾದ ಮೆರೆಲ್ ಹಾರ್ಮೆಲ್ ಕೊಟ್ಟರು. ಮಾವನ ಹಾಗೆ ಹೆದರಿದವರು ಆಗಲೂ ಇದ್ದರು 😄

ದೊಡ್ಡಮ್ಮ: ರಾತ್ರಿಯಿಂದ ಒಂದು ತೊಟ್ಟು ನೀರೂ ಕೊಡಬೇಡ ಸುಮಾ.

ವೀಣಾ: ಅಯ್ಯೋ ದೊಡ್ಡಮ್ಮ, ಬೇಡ. ನೀಲಿ ಮಕ್ಕಳ ರಕ್ತ ಮೊದಲೇ ಗಟ್ಟಿ, ಮೈ ಒಣಗಿದರೆ ಹೆಪ್ಪುಗಟ್ಟಬಹುದು. ಹಾಲು ಬೇಗ ನಿಲ್ಲಿಸಬೇಕು, ನೀರನ್ನು ಸಾಮಾನ್ಯವಾಗಿ 2 ಗಂಟೆ ಮುಂಚಿನವರೆಗೂ ಕೊಡಬಹುದು. ಸುಮಾ, ವಾರ್ಡಿನವರ ಹತ್ತಿರ ಟೈಮ್ ಬರೆಸಿಕೊ. ನೆಗಡಿ ಗಿಗಡಿ ಇಲ್ಲ ತಾನೇ?

ಸುಮಾ: ನಿನ್ನೆಯಿಂದ ಮೂಗು ಸೋರುತ್ತಿದೆ. ಡೇಟ್ ಮುಂದೆ ಹಾಕಿಬಿಡುತ್ತಾರೆ ಅಂತ ಹೆದರಿ ನಾನೇ ಆಸ್ಪತ್ರೆಯವರಿಗೆ ಹೇಳಿಲ್ಲ ಅಕ್ಕ.

ವೀಣಾ: ಈಗಲೇ ಫೋನ್ ಮಾಡಿ ಹೇಳು. ಮುಂದೆ ಹಾಕಿದರೆ ಹಾಕಲಿ.

ಶಂಕರ ಮಾವ: ನೋಡಿದಿರಾ, ನಾನು ಕೇಳಿದ್ದಕ್ಕೇ ಇದು ಗೊತ್ತಾಗಿದ್ದು.