ಗಿನಿ ಪಿಗ್‌ಗೆ ಹೊಟ್ಟೆ ಉಬ್ಬರ: ಮನೆಯಲ್ಲಿ ಹೇಗೆ ನೋಡಿಕೊಂಡಿರಿ?

ಕೇಳಿದ್ದು, ವಿಜಯಪುರದಿಂದ:

ನಮ್ಮ ಮನೆಯ ಗಿನಿ ಪಿಗ್ ಹೆಸರು ಗುಂಡ. ಎರಡು ವರ್ಷ. ಮೊನ್ನೆ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದೆವು. ಬರುವಾಗ ಮಕ್ಕಳು ಒಂದು ಹೊರೆ ಹಸಿಗಡಲೆ ಗಿಡ ತಂದರು. ನಾವು ಬುತ್ತಿಯ ಡಬ್ಬಿ ತೊಳೆಯುವಷ್ಟರಲ್ಲಿ ಅದನ್ನೇ ಗುಂಡನ ಪಂಜರದ ತುಂಬ ಹಾಕಿದ್ದಾರೆ, ಮೇಲೆ ಸಜ್ಜೆ ರೊಟ್ಟಿ ಚೂರು ಬೇರೆ. ಮರುದಿನ ನೋಡಿದರೆ ಮೂಲೆ ಹಿಡಿದು ಕುಳಿತಿದೆ, ಹೊಟ್ಟೆ ಗಟ್ಟಿ. ಡಾಕ್ಟರ ಹತ್ತಿರ ಹೋಗಿ ಎಕ್ಸ್-ರೇ ಆಯಿತು. ಹೊಟ್ಟೆ ತಿರುಚಿಕೊಂಡಿಲ್ಲ, ಗ್ಯಾಸ್ ತುಂಬಿದೆ ಅಷ್ಟೇ ಅಂದರು. ನೋವಿಗೊಂದು, ಕರುಳು ಚಲಿಸಲಿಕ್ಕೊಂದು ಔಷಧಿ ಕೊಟ್ಟು, ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪ ತಿನ್ನಿಸಿ ಅಂದಿದ್ದಾರೆ. ಹೇಗೆ ತಿನ್ನಿಸೋದು, ಏನು ತಿನ್ನಿಸೋದು, ರಾತ್ರಿ ಏನೇನು ನೋಡ್ತಾ ಇರಬೇಕು? ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಅನುಭವ ಇದ್ದವರು ದಯವಿಟ್ಟು ಹೇಳ್ರಿ.

ಬೆಳಗಾವಿ, ಟಿಳಕವಾಡಿಯಿಂದ:

ಮೊದಲು ಮಕ್ಕಳಿಗೆ ಬೈಬೇಡಿ. ನಮ್ಮ ಮನೆಯಲ್ಲಿ ಆ ಕೆಲಸ ಮಾಡಿದ್ದು ಐವತ್ತು ದಾಟಿದ ನಾನು.

ಆಷಾಢದ ಮಳೆ ಹಿಡಿದುಕೊಂಡಿತ್ತು. ಒಣ ಹುಲ್ಲಿನ ಪಾರ್ಸಲ್ ಬಂದಿರಲಿಲ್ಲ. ಎರಡು ದಿನ ತಾನೇ ಅಂತ ಹೂಕೋಸಿನ ಎಲೆ, ತೊಯ್ದ ಹುಲ್ಲು ಹಾಕಿ ಸುಮ್ನಾದೆ. ಮೂರನೇ ದಿನ ರಾತ್ರಿ ಕೊತ್ತಂಬರಿ ಚೀಲ ಬಿಚ್ಚಿದೆ. ಆ ಸಪ್ಪಳ ಕೇಳಿದರೆ ಮನೆ ಹಾರಿಹೋಗುವ ಹಾಗೆ ಕೂಗುವ ನಮ್ಮ ಗಿನಿ ಪಿಗ್ ಜೀರಿಗೆ ತಲೆ ಎತ್ತಲಿಲ್ಲ. ಮೈಯೆಲ್ಲ ಮುದುಡಿ, ರೋಮ ಎದ್ದು, ಹಲ್ಲು ಕಟಕಟ ಕಡಿಯುತ್ತಾ ಕುಳಿತಿತ್ತು. ಹಲ್ಲು ಕಡಿಯೋದು ನೋವಿನ ಗುರುತು ಅಂತ ಆಗ ನನಗೆ ಗೊತ್ತಿರಲಿಲ್ಲ. ಎತ್ತಿಕೊಂಡಾಗ ಗೊತ್ತಾಯಿತು. ದಿನಾ ಹೋಳಿಗೆಯ ಕಣಕದ ಹಾಗಿರುವ ಹೊಟ್ಟೆ ಅವತ್ತು ಗಾಳಿ ಹೊಡೆದ ಸೈಕಲ್ ಟ್ಯೂಬ್ ಆಗಿತ್ತು. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಹಲಗಿ ಸಪ್ಪಳ.

ನಮ್ಮ ಡಾಕ್ಟರು ಫೋನಿನಲ್ಲಿ ಹೇಳಿದ ಮೊದಲ ಮಾತು: "ಬಾಯಿಗೆ ಏನೂ ಹಾಕಬೇಡ್ರಿ, ಈಗಲೇ ಕರೆದುಕೊಂಡು ಬರ್ರಿ." ಕಾರಣ ಆಮೇಲೆ ತಿಳಿಯಿತು. ಗಿನಿ ಪಿಗ್‌ಗೆ ವಾಂತಿ ಬರೋದಿಲ್ಲ. ಜಠರ ತಿರುಚಿಕೊಂಡಿದ್ದರೆ, ದಾರಿ ಕಟ್ಟಿದ್ದರೆ, ಮೇಲಿಂದ ತುರುಕಿದ್ದೆಲ್ಲ ಅಪಾಯವೇ. ಬಹಳ ಸಲ ಆಪರೇಷನ್ ಮಾಡಿದರೂ ಉಳಿಯೋದು ಕಷ್ಟ. ಹಾಗಾಗಿ ಎಕ್ಸ್-ರೇ ಆಗುವ ತನಕ ಸಿರಿಂಜ್ ಮುಟ್ಟಬಾರದು. ನಿಮ್ಮದು ಆಗಿದೆ, ಡಾಕ್ಟರೇ ತಿನ್ನಿಸಿ ಅಂದಿದ್ದಾರೆ, ಅಲ್ವಾ? ಇನ್ನು ಕೆಲಸ ನಿಮ್ಮದು.

ನೋವಿನ ಔಷಧಿ ಒಂದು ಹೊತ್ತೂ ತಪ್ಪಿಸಬೇಡಿ. ನೋವಿದ್ದರೆ ತಿನ್ನಲ್ಲ. ತಿನ್ನದಿದ್ದರೆ ಕರುಳು ನಿಧಾನ ಆಗುತ್ತೆ. ನಿಧಾನ ಆದರೆ ಒಳಗಿರೋದು ಇನ್ನಷ್ಟು ಹುದುಗುತ್ತೆ. ದೋಸೆ ಹಿಟ್ಟು ಉಕ್ಕಿ ಮುಚ್ಚಳ ಎತ್ತೋದು ನೋಡಿದ್ದೀರಲ್ಲ, ಹಾಗೆ. ಇಲ್ಲಿ ಎತ್ತಲಿಕ್ಕೆ ಮುಚ್ಚಳ ಇಲ್ಲ.

ತಿನ್ನಿಸಲಿಕ್ಕೆ ಅಂತಲೇ ಹುಲ್ಲಿನ ಪುಡಿ ಸಿಗುತ್ತೆ, 'ಕ್ರಿಟಿಕಲ್ ಕೇರ್' ಅಂತ. ನನಗೆ ಆ ಹೊತ್ತಿಗೆ ಸಿಗಲಿಲ್ಲ. ಮನೆಯಲ್ಲಿದ್ದ ಟಿಮೋತಿ ಹುಲ್ಲಿನ ಪೆಲೆಟ್ಟನ್ನು ಬಿಸಿನೀರಿನಲ್ಲಿ ನೆನೆಸಿ, ಮಿಕ್ಸರಿಗೆ ಹಾಕಿ, ಚಹಾ ಸೋಸುವ ಜರಡಿಯಲ್ಲಿ ಒತ್ತಿ ತೆಗೆದೆ. ಅಂಬಲಿ ಹದ ಇರಲಿ. ಗಟ್ಟಿಯಾದರೆ ಸಿರಿಂಜ್ ಕಟ್ಟಿಕೊಂಡು, ಒತ್ತಿದಾಗ ಒಮ್ಮೆಲೇ ಚಿಮ್ಮುತ್ತೆ. ನನ್ನ ಸೀರೆಯ ಮೇಲೆ ಇನ್ನೂ ಕಲೆ ಇದೆ. ಅಕ್ಕಿ ಗಂಜಿ, ಜೋಳದ ಅಂಬಲಿ ಮಾತ್ರ ಬೇಡ. ಪಿಷ್ಟ ಒಳಗೆ ಹೋದರೆ ಗ್ಯಾಸ್‌ಗೆ ಇನ್ನಷ್ಟು ಮೇವು ಹಾಕಿದ ಹಾಗೆ.

1 ಮಿ.ಲೀ. ಸಿರಿಂಜ್ ಸಾಕು. ಟವೆಲಿನಲ್ಲಿ ಮಗುವನ್ನು ಸುತ್ತುವ ಹಾಗೆ ಸುತ್ತಿ, ನಾಲ್ಕು ಕಾಲೂ ಕೆಳಗೇ ಇರುವ ಹಾಗೆ ಮಡಿಲಲ್ಲಿ ಕೂರಿಸಿ. ಅಂಗಾತ ಮಲಗಿಸಬೇಡಿ, ಶ್ವಾಸಕ್ಕೆ ಹೋಗಿಬಿಡುತ್ತೆ. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ಜಾಗ ಇರುತ್ತೆ. ಬಾಯಿಯ ಪಕ್ಕದಿಂದ ಸಿರಿಂಜಿನ ತುದಿ ಅಲ್ಲಿ ಇಟ್ಟು, ಅರ್ಧ ಮಿ.ಲೀ.ಗಿಂತ ಜಾಸ್ತಿ ಒತ್ತಬೇಡಿ. ಜಗಿಯಲಿ, ನುಂಗಲಿ, ಆಮೇಲೆ ಇನ್ನೊಂದು. ನಮಗೆ ಡಾಕ್ಟರು ಹೇಳಿದ್ದು ದಿನಕ್ಕೆ ಸುಮಾರು 50 ಮಿ.ಲೀ. ನಾನು ಆರು ಹೊತ್ತು ಮಾಡಿಕೊಂಡೆ, ಅದರಲ್ಲಿ ಒಂದು ನಡುರಾತ್ರಿ ಎರಡು ಗಂಟೆಗೆ. ಯಜಮಾನರು ಟಾರ್ಚ್ ಹಿಡಿಯುತ್ತಾ, "ನನಗೆ ಜ್ವರ ಬಂದಾಗ ಹಿಂಗ ಎದ್ದಿಲ್ಲ ನೀನು" ಅಂದರು. ನಿಜ, ಎದ್ದಿರಲಿಲ್ಲ.

ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಕಣ್ಣಿಗೆ ಚೆನ್ನಾಗಿ ಕಾಣುವ ಪ್ರಾಣಿ ಒಳಗೆ ಇಳಿಯುತ್ತಿರುತ್ತೆ. ಜೀರಿಗೆ 910 ಗ್ರಾಂ ಇದ್ದದ್ದು 842ಕ್ಕೆ, ಮರುದಿನ 825ಕ್ಕೆ ಬಂತು. ನೂರಕ್ಕೆ ಹತ್ತು ಇಳಿದರೆ ತಕ್ಷಣ ಫೋನ್ ಮಾಡಿ ಅಂದಿದ್ದರು. ಅಂಚಿಗೇ ಬಂದಿದ್ದೆವು. ನಾಲ್ಕನೇ ದಿನ 851.

ಇನ್ನೊಂದು, ಹಿಕ್ಕೆ. ಕೆಳಗೆ ಬಿಳಿ ಬಟ್ಟೆ ಹಾಸಿ, ಎಷ್ಟು ಬಿತ್ತು, ಎಷ್ಟು ದಪ್ಪ ಅಂತ ನೋಡಿ. ನಮ್ಮದು ಮೊದಲ ರಾತ್ರಿ ಎಳ್ಳಿನಷ್ಟು ಸಣ್ಣ ಏಳೆಂಟು ಬಿದ್ದಿತ್ತು. ನಾನು ಅದನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ನಗಲಿಲ್ಲ ಅವರು, ಒಳ್ಳೆ ಕೆಲಸ ಮಾಡಿದ್ರಿ ಅಂದರು.

ಅತ್ತೆಯವರು ಮಜ್ಜಿಗೆಗೆ ಇಂಗು ಹಾಕಿ ಕೊಡು ಅಂದರು. ಹಾಲು ಮಜ್ಜಿಗೆ ಇದರ ಕರುಳಿಗೆ ಆಗಿಬರಲ್ಲ. ಮತ್ತೊಬ್ಬರು ಸೋಡಾ ಅಂದರು, ಅದೂ ಬೇಡ. ಕೂಸುಗಳಿಗೆ ಕೊಡುವ ಸಿಮೆಥಿಕೋನ್ ಹನಿ ಕೆಲವು ಡಾಕ್ಟರು ಕೊಡಿಸುತ್ತಾರೆ, ಆದರೆ ಕೇಳಿಕೊಂಡೇ ಕೊಡಿ. ಹೊಟ್ಟೆ ಜೋರಾಗಿ ತಿಕ್ಕಬೇಡಿ. ದಿನಕ್ಕೆ ನಾಲ್ಕೈದು ಸಲ ನೆಲದ ಮೇಲೆ ಬಿಟ್ಟು ತಾನಾಗಿಯೇ ಓಡಾಡಲಿ, ಅದರಿಂದ ಕರುಳೂ ಅಲ್ಲಾಡುತ್ತೆ. ಒಣ ಹುಲ್ಲು ಮಾತ್ರ ಯಾವಾಗಲೂ ಮೂಗಿನ ಮುಂದೆ ಇರಲಿ.

ಚಳಿಗಾಲದ ರಾತ್ರಿ ಕಿವಿ, ಪಾದ ತಣ್ಣಗಾಗಿದ್ದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕಕ್ಕೆ ಇಡಿ, ಬೇಡ ಅನ್ನಿಸಿದರೆ ದೂರ ಸರಿಯಲಿಕ್ಕೆ ಜಾಗ ಬಿಟ್ಟು. ಹೊಟ್ಟೆ ಮತ್ತೆ ಬಿಗಿದರೆ, ಹನ್ನೆರಡು ಗಂಟೆ ಒಂದೂ ಹಿಕ್ಕೆ ಬೀಳದಿದ್ದರೆ, ಬಾಯಿ ತೆಗೆದು ಉಸಿರಾಡಿದರೆ, ಪಕ್ಕಕ್ಕೆ ವಾಲಿದರೆ, ಬೆಳಗಾಗುವ ತನಕ ಕಾಯಬೇಡಿ. ನಮ್ಮ ಕಡೆ ಎಮ್ಮೆ, ನಾಯಿ ನೋಡುವವರೇ ಜಾಸ್ತಿ. ಹೊಸ ಕಡೆ ಫೋನ್ ಮಾಡುವಾಗ ನಾನು "ಮೊಲ ನೋಡ್ತೀರಾ?" ಅಂತ ಕೇಳುತ್ತೇನೆ. ಹೌದು ಅಂದವರಿಗೆ ಸಾಮಾನ್ಯವಾಗಿ ಇದೂ ಗೊತ್ತಿರುತ್ತೆ. ನಿಮಗೆ ಸೊಲ್ಲಾಪುರ ನೂರು ಕಿ.ಮೀ. ಆಸುಪಾಸು. ಅಲ್ಲಿಯ ಒಂದು ನಂಬರ್ ಈಗಲೇ ಹುಡುಕಿ ಇಟ್ಟುಕೊಳ್ಳಿ.

ಬಾಗಲಕೋಟೆ, ನವನಗರದಿಂದ:

ಅಕ್ಕಾರು ಎಲ್ಲಾ ಹೇಳಿದ್ದಾರೆ. ನಾನು ಮಾಡಿದ ತಪ್ಪು ಒಂದು ಹೇಳಿಬಿಡ್ತೀನಿ, ಹೇಳಲಿಕ್ಕೆ ಮನಸ್ಸಿಲ್ಲದಿದ್ದರೂ.

ನಮ್ಮದಕ್ಕೆ ಮೂಗು ಸೋರುತ್ತಿತ್ತು. ಮಗಳಿಗೆ ತಂದಿದ್ದ ಅಮಾಕ್ಸಿಸಿಲಿನ್ ಸಿರಪ್ ಅರ್ಧ ಬಾಟಲಿ ಉಳಿದಿತ್ತು. ಕೂಸಿಗೆ ಆಗುತ್ತೆ, ಇದಕ್ಕೆ ಆಗಲ್ವಾ ಅಂತ ಎರಡು ದಿನ ಕುಡಿಸಿದೆ. ಮೂರನೇ ದಿನ ಭೇದಿ, ಹೊಟ್ಟೆ ಉಬ್ಬರ. ಐದನೇ ದಿನ ಹೋಯಿತು. ಆಮೇಲೆ ಡಾಕ್ಟರು ತಿಳಿಸಿ ಹೇಳಿದರು. ಇದರ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾವನ್ನು ಪೆನಿಸಿಲಿನ್ ಜಾತಿಯ ಔಷಧಿ ಸಾಯಿಸಿಬಿಡುತ್ತೆ. ಆಗ ಕ್ಲಾಸ್ಟ್ರಿಡಿಯಂ ಅನ್ನೋದು ಬೆಳೆದು ವಿಷ ಬಿಡುತ್ತೆ. ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಎರಿತ್ರೋಮೈಸಿನ್ ಕೂಡ ಅದೇ ಸಾಲಿನವು.

ಈಗ ಮನೆಯಲ್ಲಿ ಇನ್ನೊಂದಿದೆ. ಈ ಹೆಸರುಗಳನ್ನು ಚೀಟಿಯಲ್ಲಿ ಬರೆದು ಪಂಜರಕ್ಕೆ ಅಂಟಿಸಿದ್ದೀನಿ. ಯಾವ ಡಾಕ್ಟರ ಹತ್ತಿರ ಹೋದರೂ, "ಸರ್, ತಪ್ಪು ತಿಳ್ಕೋಬೇಡ್ರಿ, ಇದರಲ್ಲಿರೋದು ಯಾವುದೂ ಇಲ್ಲ ಅಲ್ವಾ?" ಅಂತ ಕೇಳುತ್ತೀನಿ. ಇಲ್ಲಿಯವರೆಗೆ ಯಾರೂ ಸಿಟ್ಟಾಗಿಲ್ಲ.

ಗೋಕಾಕದಿಂದ:

ಉಬ್ಬರ ಒಂದೇ ಸಲ ಬಂದು ಹೋದರೆ ಕಡಲೆ ಗಿಡದ್ದು ಅಂದುಕೊಳ್ಳಿ. ಮತ್ತೆ ಮತ್ತೆ ಬಂದರೆ ಬಾಯಿ ನೋಡಿಸಿ. ನಮ್ಮದಕ್ಕೆ ಮೂರು ಸಲ ಬಂತು. ನಾವು ಪ್ರತಿ ಸಲ ಸೊಪ್ಪಿನ ಮೇಲೆ ತಪ್ಪು ಹಾಕಿದೆವು. ಕಡೆಗೆ ನೋಡಿದರೆ ದವಡೆ ಹಲ್ಲು ಬೆಳೆದು ನಾಲಿಗೆಯ ಮೇಲೆ ಕಮಾನು ಕಟ್ಟಿತ್ತು. ಇವುಗಳ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತೆ, ಹುಲ್ಲು ಜಗಿದು ಜಗಿದು ಸವೆಯಬೇಕು. ತಿನ್ನಲಿಕ್ಕೆ ಬಂದು, ಬಾಯಿಗೆ ತೆಗೆದುಕೊಂಡು, ಬಿಟ್ಟುಬಿಡುತ್ತಿತ್ತು. ಅದನ್ನು ನಾವು ಗಮನಿಸಬೇಕಿತ್ತು. ಮೂತ್ರದ ಕಲ್ಲಿನ ನೋವಿಗೂ ಹೀಗೇ ಆಗುತ್ತೆ ಅಂದರು ಡಾಕ್ಟರು.

ಇಂಡಿ ತಾಲೂಕಿನಿಂದ:

ನಾನು ರೈತ. ಗಿನಿ ಪಿಗ್ ಮಗನದು, ಹುಲ್ಲು ತರೋದು ನನ್ನ ಪಾಲು. ಎತ್ತಿಗೆ ಉಬ್ಬರ ಬಂದರೆ ನಮ್ಮಲ್ಲಿ ಎಣ್ಣೆ ಕುಡಿಸುತ್ತಾರೆ. ಅದನ್ನು ಇದಕ್ಕೆ ಮಾಡಬೇಡ್ರಿ. ಎತ್ತು ಮೆಲುಕು ಹಾಕುತ್ತೆ, ತೇಗುತ್ತೆ. ಇದರ ಮೇವು ಹುದುಗುವ ಕಾರಖಾನೆ ಕರುಳಿನ ಹಿಂದಿನ ಭಾಗದಲ್ಲಿದೆ, ಲೆಕ್ಕವೇ ಬೇರೆ. ಒಂದು ಮಾತ್ರ ಎರಡಕ್ಕೂ ಸಮ. ಹಸಿವಿನಲ್ಲಿದ್ದ ದನ ಹಸಿ ಕಡಲೆಗೋ ಕುದುರೆ ಮಸಾಲೆ (ಲೂಸರ್ನ್) ಮೇವಿಗೋ ಒಮ್ಮೆಲೇ ಬಾಯಿ ಹಾಕಿದರೆ ಉಬ್ಬುತ್ತೆ. ಗುಂಡನಿಗೆ ಆದದ್ದೂ ಅದೇ.

ಒಣ ಹುಲ್ಲಿಗೆ ದುಡ್ಡು ಜಾಸ್ತಿ ಅನ್ನುವವರು ಗರಿಕೆ ಕೊಯ್ದು ನೆರಳಿನಲ್ಲಿ ತೆಳ್ಳಗೆ ಹರಡಿ ಒಣಗಿಸಿ. ಗುಡ್ಡೆ ಹಾಕಬೇಡಿ. ಕೈ ತೂರಿಸಿ ನೋಡಿ, ಗುಡ್ಡೆಯ ಒಳಗೆ ಬಿಸಿ ಇರುತ್ತೆ, ಅಂದರೆ ಅಲ್ಲೇ ಕೊಳೆಯೋದು ಶುರುವಾಗಿದೆ. ಹುಲ್ಲು ಕತ್ತರಿಸುವ ಯಂತ್ರದಿಂದ ಬಿದ್ದ ಪುಡಿಯೂ ಹಾಗೇ. ನಿಂಬೆ ತೋಟದ ಬದುವಿನ ಹುಲ್ಲು ನಾನು ತರೋದಿಲ್ಲ, ಕಳೆನಾಶಕ ಹೊಡೆದಿರುತ್ತಾರೆ. ಎಳೆ ಜೋಳ, ಕೂಳೆ ಚಿಗುರು ಯಾರು ಕೊಟ್ಟರೂ ಬೇಡ. ಅದರಲ್ಲಿ ಸಯನೈಡ್ ಇರುತ್ತೆ, ದನಗಳೇ ಬಿದ್ದು ಸಾಯೋದು ನೋಡಿದ್ದೀವಿ.

ಕೇಳಿದವರು, ಮೂರು ದಿನದ ನಂತರ:

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಗುಂಡ ಮೊದಲು 980 ಗ್ರಾಂ ಇತ್ತು. ಮೊನ್ನೆ 905, ಇವತ್ತು 918. ನಿನ್ನೆ ರಾತ್ರಿ ಟವೆಲಿನ ಮೇಲೆ ಸರಿಯಾದ ದಪ್ಪದ ಹಿಕ್ಕೆ ಬಿದ್ದಿತ್ತು. ಮಗ ಹತ್ತೊಂಬತ್ತು ಎಣಿಸಿದ. ಸಿರಿಂಜ್ ಕಂಡರೆ ಈಗ ತಲೆ ತಿರುಗಿಸುತ್ತೆ, ಹುಲ್ಲಿನ ಒಂದೊಂದು ಎಳೆ ತಾನೇ ಎಳೆದುಕೊಳ್ಳುತ್ತಿದೆ. ಸಿರಿಂಜ್ ನಿಲ್ಲಿಸಲಾ? ಸೊಪ್ಪು ಯಾವಾಗ ಕೊಡಲಿ? ವಿಟಮಿನ್ ಸಿ ಬೇಕು ಅಂತಾರಲ್ಲ?

ಟಿಳಕವಾಡಿಯಿಂದ ಮತ್ತೆ:

ಒಮ್ಮೆಲೇ ನಿಲ್ಲಿಸಬೇಡಿ. ಆರು ಹೊತ್ತು ಇದ್ದದ್ದು ನಾಲ್ಕು ಮಾಡಿ, ತೂಕ ಇಳಿಯದಿದ್ದರೆ ಎರಡು ಮಾಡಿ. ಡಾಕ್ಟರಿಗೆ ಒಂದು ಮಾತು ಹೇಳಿಯೇ ಪೂರ್ತಿ ಬಿಡಿ. ಔಷಧಿಯೂ ಹಾಗೇ, ಚೆನ್ನಾಗಿದೆ ಅಂತ ನಾವೇ ನಿಲ್ಲಿಸೋದು ಬೇಡ.

ವಿಟಮಿನ್ ಸಿ ಹೌದು, ನಮ್ಮ ಹಾಗೆ ಇವುಗಳ ಮೈಯಲ್ಲೂ ಅದು ತಯಾರಾಗಲ್ಲ. ಒಂದು ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿ.ಗ್ರಾಂ. ಬೇಕು, ಕಾಯಿಲೆ ಇದ್ದಾಗ ಡಾಕ್ಟರು ಜಾಸ್ತಿ ಹೇಳಬಹುದು. ನೀರಿಗೆ ಹಾಕಬೇಡಿ, ಅದರಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತೆ, ನೀರಿನ ರುಚಿಯೂ ಕೆಡುತ್ತೆ. ಸಿರಿಂಜಿನಲ್ಲೇ ಕೊಡಿ.

ಸೊಪ್ಪಿಗೆ ಅವಸರ ಇಲ್ಲ. ಹಿಕ್ಕೆ ಎರಡು ದಿನ ಸರಿಯಾಗಿ ಬಿದ್ದ ಮೇಲೆ ಕೊತ್ತಂಬರಿ ಎರಡು ಎಸಳು, ತೊಳೆದು ನೀರು ಒರೆಸಿ. ಮರುದಿನ ಹೊಟ್ಟೆ ಮುಟ್ಟಿ ನೋಡಿ, ಮೆತ್ತಗಿದ್ದರೆ ದೊಣ್ಣೆಮೆಣಸಿನಕಾಯಿಯ ಒಂದು ತೆಳು ಹೋಳು. ಕೋಸು, ಹೂಕೋಸು ಈ ತಿಂಗಳು ಮರೆತುಬಿಡಿ. ಉಳಿದ ಹಸಿಗಡಲೆ ಗಿಡ ಇನ್ನೂ ಮನೆಯಲ್ಲಿದ್ದರೆ ಸುಟ್ಟು ನೀವೇ ತಿಂದುಬಿಡಿ.